ತಾರಾನಾಥ ಡಾಕ್ಟರು ಬಿಟ್ಟುಹೋದ ಚೀಟಿಗಳು

ಕುಶಲಕ್ಕನ ಮೇಲೆ ದೂರು ಬಾರದ ತಿಂಗಳು ನಮ್ಮ ಸೆಂಟರಿನಲ್ಲಿ ಇಲ್ಲ. ಹಂಪನಕಟ್ಟೆಯ ಒಂದು ಓಣಿಯಲ್ಲಿ, ಕೆಳಗೆ ಚಪ್ಪಲಿ ಅಂಗಡಿ, ಮೇಲೆ ಲಾಡ್ಜು, ನಡುವಿನ ಮಹಡಿಯಲ್ಲಿ ನಮ್ಮ ಎಕ್ಸರೇ ಮತ್ತು ಸ್ಕ್ಯಾನಿಂಗ್ ಸೆಂಟರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದವರಿಗೆ ಮೊದಲು ಕಾಣುವುದು ಇವಳ ಮುಖ. ಚೀಟಿ ಕೊಟ್ಟರೆ ಕನ್ನಡಕ ಏರಿಸಿ, ಚೀಟಿಯನ್ನು ಬೆಳಕಿಗೆ ಹಿಡಿದು, ಒಂದೇ ಪ್ರಶ್ನೆ ಕೇಳುತ್ತಾಳೆ.

"ಇದನ್ನು ಬರೆದ ಡಾಕ್ಟ್ರು ನಿಮ್ಮನ್ನು ನೋಡಿದ್ರಾ? ಎದುರು ಕೂರಿಸಿ ನೋಡಿದ್ರಾ?"

ಜನರಿಗೆ ಸಿಟ್ಟು ಬರುತ್ತದೆ. ಬಾರದೆ ಇನ್ನೇನು? ಕಳೆದ ತಿಂಗಳು ಒಬ್ಬ ದೊಡ್ಡ ಎಲುಬಿನ ಡಾಕ್ಟರು ಫೋನಿನಲ್ಲಿ ಕೂಗಾಡಿದರು. "ನಿಮ್ಮ ಕೌಂಟರಿನ ಹೆಂಗಸು ನನಗೆ ಪರೀಕ್ಷೆ ಇಡ್ತಾಳಾ ಎಂತ?" ನಾನು ತಗ್ಗಿ ಬಗ್ಗಿ ಕ್ಷಮೆ ಕೇಳಿದೆ. ಫೋನ್ ಇಟ್ಟು ತಿರುಗಿದರೆ ಕುಶಲಕ್ಕ ಮುಂದಿನವರ ಹತ್ತಿರ ಅದೇ ಪ್ರಶ್ನೆ ಕೇಳುತ್ತಿದ್ದಳು. ನನಗೆ ಮೈ ಉರಿಯಿತು. ಆದರೆ ಬೈಯಲಿಲ್ಲ. ಬೈಯುವ ಯೋಗ್ಯತೆ ನನಗಿಲ್ಲ, ಅದು ನನಗೂ ಗೊತ್ತು, ಅವಳಿಗೂ ಗೊತ್ತು.

ನಾನು ರೂಬನ್. ಇಪ್ಪತ್ತಾರು ವರ್ಷದಿಂದ ಇಲ್ಲಿ ಎಕ್ಸರೇ, ಸಿಟಿ ಸ್ಕ್ಯಾನ್ ತೆಗೆಯುವ ಟೆಕ್ನೀಶಿಯನ್. ಕುಶಲಕ್ಕ ನನಗಿಂತ ಒಂದು ವರ್ಷ ಸಣ್ಣವಳು, ಆದರೂ ಎಲ್ಲರಿಗೂ ಅವಳು ಅಕ್ಕ. ಮಣ್ಣಗುಡ್ಡದಲ್ಲಿ ತಮ್ಮನ ಮನೆಯ ಮೇಲಿನ ಎರಡು ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ ಮೊದಲೆಲ್ಲ, "ನೀವು ಕೇಳ್ಲಿಲ್ಲ ಅಲ್ವಾ ಮಾರಾಯ್ರೆ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಆ ಕುಶಲಕ್ಕ ಈಗ ಇಲ್ಲ. ಎರಡು ವರ್ಷದಿಂದ ಅವಳು ನಕ್ಕದ್ದನ್ನು ನಾನು ನೋಡಿಲ್ಲ.

ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ ಕುಶಲಕ್ಕನ ಜನರಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಹೋದವರು ಆ ದಿನ ಬಂದು ಉಂಡು ಹೋಗುತ್ತಾರಂತೆ. ಕಳೆದ ಆಟಿಯಲ್ಲಿ ಅವಳಿಗೆ ಜ್ವರವೆಂದು ನಾನು ಮಾತ್ರೆ ಕೊಡಲು ಹೋಗಿದ್ದೆ. ಒಳಗಿನ ಕೋಣೆಯಲ್ಲಿ ಎರಡು ಬಾಳೆಯೆಲೆ ಹಾಸಿತ್ತು. ಒಂದು ದೊಡ್ಡದು, ಒಂದು ಅಂಗೈಯಷ್ಟು ಸಣ್ಣದು. ದೊಡ್ಡದರಲ್ಲಿ ಕೋಳಿ, ರೊಟ್ಟಿ. ಸಣ್ಣದರಲ್ಲಿ ಒಂದು ಚಮಚ ಬಿಳಿ ಪಾಯಸ. ನಾನು ಬಾಗಿಲಲ್ಲೇ ನಿಂತೆ. ಅವಳು ನನ್ನನ್ನು ಕಂಡು ಬಾಗಿಲನ್ನು ಮೆಲ್ಲನೆ ಮುಂದಕ್ಕೆ ಹಾಕಿಕೊಂಡಳು, ಒಳಗೆ ಯಾರೋ ಉಣ್ಣುತ್ತಿದ್ದಾರೆ ಎನ್ನುವ ಹಾಗೆ.

ದೊಡ್ಡ ಎಲೆ ತಾರಾನಾಥ ಡಾಕ್ಟರಿಗೆ. ಸಣ್ಣದು ಯಾರಿಗೆಂದು ಹೇಳಬೇಕಾದರೆ ಮೊದಲಿಂದ ಹೇಳಬೇಕು.

ನಮ್ಮ ಕೌಂಟರಿನ ಹಿಂದಿನ ಗೋಡೆಯಲ್ಲಿ ಒಂದು ಬೋರ್ಡು ಉಂಟು, ನಮ್ಮ ದೊಡ್ಡ ಡಾಕ್ಟರು ಬರೆಸಿದ್ದು. ಸೆಂಟರು ಅವರದ್ದೇ, ಸ್ಕ್ಯಾನಿನ ರಿಪೋರ್ಟು ಬರೆಯುವವರೂ ಅವರೇ. ಎಂಬಿಬಿಎಸ್ ಓದಿದ ಡಾಕ್ಟರ ಚೀಟಿ ಇದ್ದರೆ ಎಲ್ಲ ಸ್ಕ್ಯಾನು ಆಗುತ್ತದೆ. ಹಲ್ಲಿನ ಡಾಕ್ಟರು ಹಲ್ಲು, ದವಡೆಗೆ ಮಾತ್ರ ಬರೆಯಬಹುದು. ಫಿಸಿಯೋಥೆರಪಿಯವರು, ನರ್ಸುಗಳು, ಎಲುಬು ಕಟ್ಟುವವರು ಕಳಿಸಿದರೆ ಇಲ್ಲಿ ನಡೆಯುವುದಿಲ್ಲ, ಅವರು ಮೊದಲು ಡಾಕ್ಟರ ಹತ್ತಿರ ಕಳಿಸಬೇಕು. ಬೋರ್ಡು ಓದಲು ಸುಲಭ. ಪಾಲಿಸಲು ಕಷ್ಟ. ಉಳ್ಳಾಲದಿಂದ ಒಬ್ಬಳು ಮೀನು ಮಾರುವ ಮುದುಕಿ ಊದಿದ ಕೈ ಹಿಡಿದುಕೊಂಡು ಬಸ್ಸಿನಲ್ಲಿ ನೇತಾಡಿ ಬಂದಿರುತ್ತಾಳೆ. ಅವಳಿಗೆ ನೀನು ವಾಪಸು ಹೋಗಿ ಡಾಕ್ಟರನ್ನು ಕಂಡು ನಾಳೆ ಬಾ ಎಂದರೆ ಅವಳು ನಾಳೆ ಬರುವುದಿಲ್ಲ.

ಇದಕ್ಕೆ ದಾರಿ ಮಾಡಿದವರು ತಾರಾನಾಥ ಡಾಕ್ಟರು. ಮಣ್ಣಗುಡ್ಡದಲ್ಲಿ ಅವರ ಕ್ಲಿನಿಕ್, ಮನೆಯ ಎದುರಿನ ಕೋಣೆಯಲ್ಲಿ. ಕುಶಲಕ್ಕನ ಅಪ್ಪ ತೀರಿಕೊಂಡಾಗ ಇವಳಿಗೆ ಈ ಕೆಲಸ ಕೊಡಿಸಿದ್ದು ಅವರೇ. ಸರಿಯಾದ ಚೀಟಿ ಇಲ್ಲದೆ ಯಾರಾದರೂ ಬಂದರೆ ಅವಳು ಡಾಕ್ಟರಿಗೆ ಫೋನ್ ಮಾಡಿ, ಫೋನನ್ನು ರೋಗಿಯ ಕೈಗೆ ಕೊಡುತ್ತಿದ್ದಳು. ಎರಡು ಮೂರು ನಿಮಿಷ ಮಾತಾಗುತ್ತಿತ್ತು. ಫೋನು ಮತ್ತೆ ಇವಳ ಕೈಗೆ ಬಂದಾಗ ಡಾಕ್ಟರು ಒಂದೋ "ಬರೆ ಕುಶಲಾ" ಅನ್ನುತ್ತಿದ್ದರು, ಇಲ್ಲವೋ "ಬೇಡ, ನನ್ನ ಹತ್ರ ಕಳಿಸು" ಅನ್ನುತ್ತಿದ್ದರು. ಬರೆ ಎಂದರೆ ಬರೆಯಲು ಅವರ ಹೆಸರಿನ ಚೀಟಿಯ ಪುಸ್ತಕ ಇವಳ ಡ್ರಾವರಿನಲ್ಲಿ ಇತ್ತು. ಐವತ್ತು ಹಾಳೆ, ಐವತ್ತರ ಅಡಿಯಲ್ಲೂ ಮೊದಲೇ ಹಾಕಿಟ್ಟ ಸಹಿ. ಮುಗಿದರೆ ಇವಳು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಇನ್ನೊಂದು ಪುಸ್ತಕಕ್ಕೆ ಸಹಿ ಹಾಕಿಸಿ ತರುತ್ತಿದ್ದಳು.

ತಪ್ಪಾ? ತಪ್ಪೇ. ಆದರೆ ಅದರ ಹಿಂದೆ ಒಬ್ಬ ಡಾಕ್ಟರ ತಲೆ ಕೆಲಸ ಮಾಡುತ್ತಿತ್ತು. ನಮ್ಮ ದೊಡ್ಡ ಡಾಕ್ಟರಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ತಾರಾನಾಥ ಡಾಕ್ಟರು ಬೆಳಿಗ್ಗೆ ಪೇಪರ್ ಓದುತ್ತಾ ಕುರ್ಚಿಯಲ್ಲೇ ಹೋಗಿಬಿಟ್ಟರು. ಪುಸ್ತಕದಲ್ಲಿ ಹದಿನೆಂಟು ಹಾಳೆ ಉಳಿದಿತ್ತು.

ಅವಳು ಅದನ್ನು ಅಂದೇ ಹರಿದು ಹಾಕಬೇಕಿತ್ತು. ಹರಿಯಲಿಲ್ಲ. ಹದಿಮೂರನೆಯ ದಿನದ ಬೊಜ್ಜವೂ ಮುಗಿದಿರಲಿಲ್ಲ, ಊದಿದ ಮಣಿಗಂಟು ಹಿಡಿದುಕೊಂಡು ಒಬ್ಬ ಮುದುಕಿ ಬಂದಳು. ಕುಶಲಕ್ಕ ಅಭ್ಯಾಸದಲ್ಲಿ ಫೋನೆತ್ತಿ ಡಾಕ್ಟರ ನಂಬರು ಒತ್ತಿದಳು. ಒತ್ತಿದ ಮೇಲೆ ನೆನಪಾಯಿತಂತೆ. ಆದರೂ ಇಡಲಿಲ್ಲ. "ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ" ಎನ್ನುವ ಹೆಂಗಸಿನ ದನಿಯನ್ನು ಕೊನೆಯ ತನಕ ಕೇಳಿ, ಫೋನಿಟ್ಟು, ಚೀಟಿ ಬರೆದಳು. ನಾನು ಎಕ್ಸರೇ ತೆಗೆದೆ. ಮಣಿಗಂಟಿನ ಎಲುಬು ಮುರಿದಿತ್ತು. ಮುದುಕಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಕುಶಲಕ್ಕನ ಕೆನ್ನೆ ಸವರಿ ಹೋದಳು.

"ಅವರೇ ಇದ್ದ ಹಾಗೆ ಆಯ್ತು ರೂಬನ್" ಎಂದಳು ಕುಶಲಕ್ಕ. ಅವಳ ಕಣ್ಣು ಒದ್ದೆಯಾಗಿತ್ತು. ನನಗೂ ಆ ಹೊತ್ತಿಗೆ ಅದು ಒಳ್ಳೆಯದೇ ಎನಿಸಿತು, ಸುಳ್ಳು ಯಾಕೆ ಹೇಳಲಿ?

ಹಾಗೆ ಶುರುವಾಯಿತು. ಪ್ರತಿ ಸಲವೂ ಅವಳು ಆ ನಂಬರಿಗೆ ಫೋನ್ ಮಾಡುತ್ತಿದ್ದಳು. ಸ್ವಿಚ್ ಆಫ್ ಎನ್ನುವ ದನಿಯನ್ನು ಪೂರ್ತಿ ಕೇಳುತ್ತಿದ್ದಳು, ತಲೆ ಆಡಿಸುತ್ತಿದ್ದಳು, ಬರೆಯುತ್ತಿದ್ದಳು. ದೂರದಿಂದ ನೋಡಿದವರಿಗೆ ಆ ಕಡೆಯಿಂದ ಯಾರೋ ಮಾತಾಡುತ್ತಿದ್ದಾರೆ ಎಂದೇ ಕಾಣಬೇಕು. ನನಗೇ ಒಮ್ಮೊಮ್ಮೆ ಹಾಗೆ ಕಾಣುತ್ತಿತ್ತು. ಕಂಪ್ಯೂಟರಿಗೆ ಯಾರು ಸತ್ತರೂ ಗೊತ್ತಾಗುವುದಿಲ್ಲ. ಪ್ರತಿ ರಿಪೋರ್ಟಿನ ತಲೆಯಲ್ಲಿ ಅದು, "ಮಾನ್ಯ ಡಾ. ತಾರಾನಾಥರೇ, ರೋಗಿಯನ್ನು ಕಳಿಸಿಕೊಟ್ಟದ್ದಕ್ಕೆ ಧನ್ಯವಾದಗಳು" ಎಂದು ಮುದ್ರಿಸುತ್ತಿತ್ತು. ಡಾಕ್ಟರಿಗೆ ಹೋಗಬೇಕಾದ ಆ ಪ್ರತಿಗಳನ್ನು ಕುಶಲಕ್ಕ ಕಂದು ಲಕೋಟೆಯಲ್ಲಿ ಹಾಕಿ, ಅಂಟಿಸಿ, ವಿಳಾಸ ಬರೆದು ಡ್ರಾವರಿನಲ್ಲಿ ಇಡುತ್ತಿದ್ದಳು. ಕಳಿಸುವಂತಿಲ್ಲ, ಬಿಸಾಡಲು ಮನಸ್ಸಿಲ್ಲ.

ಹನ್ನೆರಡನೆಯ ಲಕೋಟೆ ಶರೀಫಾಳದ್ದು.

ಶರೀಫಾ ಉಳ್ಳಾಲದವಳು, ಮೂವತ್ತೊಂಬತ್ತು ವರ್ಷ. ಗಂಡ ಅಬ್ದುಲ್ಲನಿಗೆ ಸೌದಿಯ ದಮ್ಮಾಮಿನಲ್ಲಿ ಅಂಗಡಿಯ ಕೆಲಸ, ಎರಡು ವರ್ಷಕ್ಕೊಮ್ಮೆ ನಲವತ್ತು ದಿನದ ರಜೆ. ಮದುವೆಯಾಗಿ ಹದಿನೆಂಟು ವರ್ಷ, ಮಕ್ಕಳಿಲ್ಲ. ಆ ಸಲ ಅಬ್ದುಲ್ಲ ಬಂದು ಹೋಗಿ ಸ್ವಲ್ಪ ದಿನ ಆಗಿತ್ತು. ಇವಳಿಗೆ ಸೊಂಟ ಮತ್ತು ಕಿಬ್ಬೊಟ್ಟೆ ನೋವು. ಸೊಂಟನೋವು ಹಳೆಯದೆಂದು ಫಿಸಿಯೋಥೆರಪಿಯ ರಾಯ್‌ಸ್ಟನ್ ಹತ್ತಿರ ಹೋದಳು. ಅವನು ಎರಡು ದಿನ ವ್ಯಾಯಾಮ ಮಾಡಿಸಿ, ಕಡಿಮೆಯಾಗಲಿಲ್ಲವೆಂದು ಸೊಂಟದ ಸಿಟಿ ಮಾಡಿಸಿ ಎಂದು ಚೀಟಿ ಬರೆದ. ಡಾಕ್ಟರಿಗೆ ತೋರಿಸಿ ಎಂದೂ ಅದರಲ್ಲೇ ಬರೆದಿದ್ದ. ಅವನ ಮೇಲೆ ತಪ್ಪು ಹೊರಿಸಲು ನಾನು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ.

ಮೇ ತಿಂಗಳ ಕೊನೆಯ ವಾರ, ಒಂದು ನಡುಮಧ್ಯಾಹ್ನ, ಬೆವರು ಒರೆಸಿಕೊಳ್ಳುತ್ತಾ ಅವಳು ಬಂದಳು. ಕುಶಲಕ್ಕ ಫೋನೆತ್ತಿದಳು, ಕೇಳಿದಳು, ಇಟ್ಟಳು, ಬರೆದಳು. ಚೀಟಿ ನನ್ನ ಹತ್ತಿರ ಬಂತು. ಸಿಟಿ ಕೋಣೆಯ ಬಾಗಿಲಲ್ಲಿ ನಾನು ಕೇಳಬೇಕಾದ ಒಂದು ಮಾತುಂಟು. ಕೇಳಿದೆ. ಕೈಯಲ್ಲಿ ಪ್ಯಾಡು, ಕಣ್ಣು ಯಂತ್ರದ ಕಡೆ, "ಗರ್ಭಿಣಿ ಎಂತಾದ್ರೂ?" ಎಂದೆ. ಅವಳು ನಕ್ಕಳು. "ಎಂತ ಮಾರಾಯ್ರೆ, ಈ ಪ್ರಾಯದಲ್ಲಿ!" ನಾನು ಆ ನಗುವನ್ನೇ ಉತ್ತರವೆಂದು ತೆಗೆದುಕೊಂಡೆ. ಮುಟ್ಟು ಯಾವಾಗ ಆದದ್ದು ಎಂದು ಕೇಳಿ ಬರೆದುಕೊಳ್ಳಬೇಕಿತ್ತು. ಡಾಕ್ಟರ ಸಹಿ ಉಂಟು, ಅವರು ಕೇಳಿರುತ್ತಾರೆ ಎಂದುಕೊಂಡೆ. ಆ ಡಾಕ್ಟರು ಸತ್ತು ಎರಡು ತಿಂಗಳಾಗಿತ್ತು, ಅವರ ಬೊಜ್ಜದ ಊಟವನ್ನೂ ನಾನು ಉಂಡಿದ್ದೆ. ಆದರೂ ಹಾಗೆಯೇ ಅಂದುಕೊಂಡೆ. ಕಾಗದದ ಮೇಲಿನ ಸಹಿಗೆ ಕೈ ಅಷ್ಟು ಒಗ್ಗಿಹೋಗಿತ್ತು.

ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಎಲುಬೆಲ್ಲ ಸರಿ ಉಂಟು ಎಂದು ಬಂತು.

ಜೂನ್ ಎರಡನೆಯ ವಾರ, ಒಂದು ಮಂಗಳವಾರ, ಮಳೆಯಲ್ಲಿ ನೆನೆದುಕೊಂಡು ಶರೀಫಾ ಮತ್ತೆ ಬಂದಳು. ಬುರ್ಖಾದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೌಂಟರಿಗೆ ಬಾಗಿ, ಕುಶಲಕ್ಕನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು. ನಾನು ಪಕ್ಕದಲ್ಲೇ ಫಿಲ್ಮ್ ಜೋಡಿಸುತ್ತಿದ್ದೆ, ನನಗೂ ಕೇಳಿತು.

"ನನಗೆ ಆಗಿದೆ ಅಕ್ಕ. ಏಳು ವಾರ. ಸ್ಕ್ಯಾನ್ ಮಾಡುವಾಗಲೇ ಇತ್ತಂತೆ."

ಕುಶಲಕ್ಕ ಪೆನ್ನನ್ನು ಕೆಳಗಿಟ್ಟಳು.

"ಮನೆಯಲ್ಲಿ ಎಲ್ಲ ತೆಗೆಸು ಅಂತಾರೆ. ಅಷ್ಟು ದೊಡ್ಡ ಮಿಷಿನಿನ ಒಳಗೆ ಹೋಗಿ ಬಂದದ್ದು, ಕೈಕಾಲು ಇಲ್ಲದ ಮಗು ಆಗ್ತದೆ ಅಂತ ನಾದಿನಿ ಹೆದರಿಸ್ತಾಳೆ. ಶನಿವಾರ ಆಸ್ಪತ್ರೆಗೆ ಹೋಗ್ಲಿಕ್ಕೆ ಅವಳೇ ಹೇಳಿ ಇಟ್ಟಿದ್ದಾಳೆ. ಇವರು ದಮ್ಮಾಮಿನಿಂದ ಫೋನ್ ಮಾಡಿ, ಬರೆದ ಡಾಕ್ಟ್ರನ್ನೇ ಕೇಳು, ಅವರು ಇಟ್ಟುಕೊಳ್ಳಿ ಅಂದ್ರೆ ಇಟ್ಟುಕೊಳ್ಳುವ ಅಂದಿದ್ದಾರೆ." ಅವಳು ಚೀಲದಿಂದ ಚೀಟಿ ತೆಗೆದಳು. "ತಾರಾನಾಥ ಡಾಕ್ಟ್ರು. ಅವರಲ್ಲಿ ಒಂದು ಮಾತು ಕೇಳ್ಬೇಕಿತ್ತು. ನನಗೆ ಈ ಮಗು ಬೇಕು ಅಕ್ಕ. ಹದಿನೆಂಟು ವರ್ಷ ಆಯ್ತು."

ಅಲ್ಲಿಯೇ ಹೇಳಬಹುದಿತ್ತು. ಒಳಗಿನ ಕೋಣೆಯಲ್ಲಿ ದೊಡ್ಡ ಡಾಕ್ಟರು ಕೂತಿದ್ದರು, ಕೌಂಟರಿನಿಂದ ಹದಿನೈದು ಹೆಜ್ಜೆ. ಯಂತ್ರದಲ್ಲಿ ಪ್ರತಿ ಸ್ಕ್ಯಾನಿಗೂ ಎಷ್ಟು ವಿಕಿರಣ ಹೋಯಿತೆಂಬ ದಾಖಲೆ ಇರುತ್ತದೆ. ಅದನ್ನು ನೋಡಿ ಮಗುವಿಗೆ ಎಷ್ಟು ತಗಲಿರಬಹುದೆಂದು ಅವರು ಹೇಳಬಲ್ಲರು. ಆದರೆ ಅವರ ಎದುರು ಆ ಚೀಟಿ ಇಡಬೇಕು. ಅವರು ತಾರೀಕು ನೋಡುತ್ತಾರೆ.

ಕುಶಲಕ್ಕ ಚೀಟಿಯನ್ನೇ ನೋಡುತ್ತಿದ್ದಳು. ಆಮೇಲೆ ಬಹಳ ಸಲೀಸಾದ ದನಿಯಲ್ಲಿ ಹೇಳಿದಳು, "ಡಾಕ್ಟ್ರು ಊರಲ್ಲಿಲ್ಲ. ಸೋಮವಾರ ಬರ್ತಾರೆ. ನಾನು ಅವರನ್ನು ಕೇಳಿ ಫೋನ್ ಮಾಡ್ತೇನೆ, ಆಯ್ತಾ? ಅಷ್ಟರ ತನಕ ಎಂತದೂ ಮಾಡ್ಬೇಡಿ."

"ಸೋಮವಾರ" ಎಂದು ಶರೀಫಾ ಎರಡು ಸಲ ಹೇಳಿಕೊಂಡಳು. ನಾದಿನಿಗೆ ಸೋಮವಾರದ ತನಕ ನಿಲ್ಲಲು ಹೇಳುತ್ತೇನೆ ಎಂದು ಹೋದಳು. ಮೆಟ್ಟಿಲು ಇಳಿಯುವಾಗ ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕುಶಲಕ್ಕ ಬುತ್ತಿ ಬಿಚ್ಚಲಿಲ್ಲ. "ದೊಡ್ಡ ಡಾಕ್ಟ್ರಿಗೆ ಹೇಳ್ತೇನೆ ರೂಬನ್" ಎಂದಳು. ನಾನು ಹೇಳಿದ ಮಾತನ್ನು ಇಲ್ಲಿ ಇದ್ದ ಹಾಗೆ ಬರೆಯುತ್ತೇನೆ. "ನಿಮಗೆ ಮಂಡೆ ಸರಿ ಉಂಟಾ? ಕೆಲಸ ಹೋಗ್ತದೆ, ನಿಮ್ಮದೂ ನನ್ನದೂ. ಅವಳು ಬೇರೆ ಡಾಕ್ಟ್ರ ಹತ್ರ ಹೋಗಿಯೇ ಹೋಗ್ತಾಳೆ, ಯಾರಾದ್ರೂ ಧೈರ್ಯ ಹೇಳ್ತಾರೆ. ಸುಮ್ಮನೆ ಇರಿ." ಅವಳು ಸುಮ್ಮನಾದಳು. ಬುಧವಾರ ಸುಮ್ಮನಿದ್ದಳು, ಗುರುವಾರ ಸುಮ್ಮನಿದ್ದಳು. ದಿನಕ್ಕೆ ನಾಲ್ಕೈದು ಸಲ ಫೋನೆತ್ತಿ ಅದೇ ನಂಬರು ಒತ್ತಿ ಸ್ವಿಚ್ ಆಫ್ ಎನ್ನುವ ದನಿ ಕೇಳುತ್ತಿದ್ದಳು. ಎದುರು ಯಾವ ರೋಗಿಯೂ ಇರುತ್ತಿರಲಿಲ್ಲ.

ಶನಿವಾರ ನಾನು ಮನೆಯಲ್ಲಿ ಬಾಯಿಬಿಟ್ಟೆ. ನನ್ನ ಹೆಂಡತಿ ಒಲಿವಿಯಾಳಿಗೆ ವರ್ಷಗಳ ಹಿಂದೆ ಹೊಟ್ಟೆನೋವೆಂದು ಅದೇ ಕೌಂಟರಿನಿಂದ ತಾರಾನಾಥ ಡಾಕ್ಟರ ಹತ್ತಿರ ಮಾತಾಡಿಸಿದ್ದೆವು.

"ಅವರು ನನ್ನತ್ರ ಮೊದಲು ಕೇಳಿದ್ದೇ ತಿಂಗಳಿನದ್ದು ಯಾವಾಗ ಆಯ್ತು ಅಂತ" ಎಂದಳು ಒಲಿವಿಯಾ. "ಸ್ವಲ್ಪ ತಡ ಅಂದದ್ದಕ್ಕೆ ಎಕ್ಸರೇ ಬೇಡ ಅಂದ್ರು, ಮೂತ್ರ ಪರೀಕ್ಷೆ ಮಾಡಿಸ್ಲಿಕ್ಕೆ ಹೇಳಿದ್ರು. ನಿಮ್ಮ ಕುಶಲಕ್ಕನಿಗೆ ಇದು ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಅವಳು ಫೋನನ್ನು ರೋಗಿಯ ಕೈಗೆ ಕೊಟ್ಟು ಎದುರು ಕೂತಿದ್ದಳು. ಅವಳಿಗೆ ಕೇಳಿಸಿದ್ದು ಉತ್ತರಗಳು ಮಾತ್ರ. ಹೌದು, ಇಲ್ಲ, ಮೊನ್ನೆ, ಹದಿನೈದು ದಿನ ಆಯ್ತು. ಡಾಕ್ಟರು ಆ ಕಡೆಯಿಂದ ಏನು ಕೇಳುತ್ತಿದ್ದರೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಶರೀಫಾ ಯಾವ ನೋವೆಂದು ಬಂದಿದ್ದಳೋ ಆ ನೋವು ಬಸುರಿನದ್ದೇ ಇರಬೇಕು. ಡಾಕ್ಟರು ಬದುಕಿದ್ದರೆ ಫೋನಿನಲ್ಲೇ ಹಿಡಿಯುತ್ತಿದ್ದರು.

ಆದಿತ್ಯವಾರ ಪೂಜೆ ಮುಗಿಸಿ ಇಗರ್ಜಿಯಿಂದ ನೇರ ಮಣ್ಣಗುಡ್ಡಕ್ಕೆ ಹೋಗಿ ಕುಶಲಕ್ಕನಿಗೆ ಇದನ್ನು ಹೇಳಿದೆ.  ಅವಳು ಚಪ್ಪಲಿ ಹಾಕಿಕೊಂಡು ತಾರಾನಾಥ ಡಾಕ್ಟರ ಮನೆಯ ಕಡೆ ನಡೆದಳು. ಯಾಕೆ ಎಂದರೆ, ಮೊದಲು ಅವರಿಗೆ ಹೇಳಬೇಕು ಎಂದಳು. ನಾನು ಹಿಂದೆಯೇ ಹೋದೆ. ಡಾಕ್ಟರ ಹೆಂಡತಿ ಬಾಗಿಲು ತೆರೆದರು. ಚಾವಡಿಯಲ್ಲಿ ಗಂಧದ ಹಾರ ಹಾಕಿದ ಫೋಟೋ, ಕೆಳಗೆ ಹೋದ ದಿನದ ತಾರೀಕು.

ಕುಶಲಕ್ಕ ಬಾಯಿ ತೆರೆಯುವ ಮೊದಲೇ ಅವರು ಕೇಳಿದರು. "ಕುಶಲಾ, ಶುಕ್ರವಾರ ಒಬ್ಬರು ಬ್ಯಾರಿ ಹೆಂಗಸು ಬಂದಿದ್ರು, ಉಳ್ಳಾಲದವರು. ಕೈಯಲ್ಲಿ ಇವರ ಚೀಟಿ. ಡಾಕ್ಟ್ರು ಇದ್ದಾರಾ ಅಂತ ಕೇಳಿದ್ರು. ನಾನು ಫೋಟೋ ತೋರಿಸಿದೆ. ಅವರು ಫೋಟೋದ ತಾರೀಕು ನೋಡಿದ್ರು, ಚೀಟಿಯ ತಾರೀಕು ನೋಡಿದ್ರು. ಎಷ್ಟೊತ್ತು ಹಾಗೆಯೇ ನಿಂತಿದ್ರು ಗೊತ್ತುಂಟಾ? ನೀರು ಕೊಟ್ಟೆ, ಕುಡಿಯಲಿಲ್ಲ. ಅದು ಎಂತ ಚೀಟಿ ಕುಶಲಾ?"

ಕುಶಲಕ್ಕ ಆ ಚಾವಡಿಯಲ್ಲೇ, ಫೋಟೋದ ಎದುರೇ ನಿಂತು, ನಮ್ಮ ದೊಡ್ಡ ಡಾಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಒಂದನ್ನೂ ಬಿಡಲಿಲ್ಲ, ನನ್ನ ಹೆಸರೊಂದನ್ನು ಬಿಟ್ಟು. ನಾನೇ ಫೋನ್ ತೆಗೆದುಕೊಂಡು ನನ್ನದನ್ನೂ ಹೇಳಿದೆ, ಅಷ್ಟಾದರೂ ಮಾಡಿದೆ.

ದೊಡ್ಡ ಡಾಕ್ಟರು ಬೈಯುವುದನ್ನು ಆಮೇಲೆ ಬೈದರು, ಕೆಲಸದಿಂದ ಮಾತ್ರ ತೆಗೆಯಲಿಲ್ಲ. ಅಂದು ನೇರ ಸೆಂಟರಿಗೆ ಬಂದು ಬೀಗ ತೆಗೆಸಿ, ಯಂತ್ರದ ದಾಖಲೆ ನೋಡಿ, ಇನ್ನೊಬ್ಬ ತಿಳಿದವರಿಗೆ ಫೋನ್ ಮಾಡಿ ವಿಚಾರಿಸಿ, ಎರಡು ಗಂಟೆ ಕೂತು ಒಂದು ಪತ್ರ ಬರೆದರು. ಕನ್ನಡದಲ್ಲೇ ಬರೆದರು, ಅವಳಿಗೆ ಓದಲು ಆಗಲಿ ಎಂದು. ಶರೀಫಾಳ ನಂಬರಿಗೆ ಸಂಜೆಯ ತನಕ ಫೋನ್ ಮಾಡಿದೆವು. ಯಾರೂ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾವಿಬ್ಬರು ಉಳ್ಳಾಲಕ್ಕೆ ಹೋದೆವು. ಸಂಕ ದಾಟುವಾಗ ಕೆಳಗೆ ನೇತ್ರಾವತಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಕುಶಲಕ್ಕ ಪತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದಳು. 

ಮನೆ ದರ್ಗಾದ ಆಚೆ, ಕಡಲಿನ ಸದ್ದು ಕೇಳುವಷ್ಟು ಹತ್ತಿರ. ನಾದಿನಿ ಬಾಗಿಲು ತೆರೆದು ನಮ್ಮನ್ನು ನೋಡಿ, ಒಳಗೆ ಹೋಗಿ ಕೇಳಿ ಬಂದು, ಬನ್ನಿ ಎಂದಳು. ಶರೀಫಾ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಒಂದು ವಾರದಲ್ಲಿ ಹತ್ತು ವರ್ಷ ಕಳೆದ ಹಾಗೆ ಕಂಡಳು. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಕುಶಲಕ್ಕನಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾಗುವುದು ಬೇಡವಾಗಿತ್ತು. ಅವಳು ಪತ್ರವನ್ನು ಮುಂದೆ ಚಾಚಿದಳು.

"ಸೋಮವಾರ ಬರ್ತಾರೆ ಅಂದಿದ್ರಿ" ಎಂದಳು ಶರೀಫಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಇವರು ದಮ್ಮಾಮಿನಿಂದ ಅವಸರ ಮಾಡಿದ್ರು, ಅದಕ್ಕೆ ಶುಕ್ರವಾರವೇ ಹುಡುಕಿಕೊಂಡು ಹೋದೆ. ನೋಡಿದ್ರೆ ಅವರು ಗೋಡೆಯಲ್ಲಿ ಇದ್ದಾರೆ. ಚೀಟಿಯೇ ಸುಳ್ಳಾದ ಮೇಲೆ ನಿಮ್ಮ ಮಿಷಿನು ನನಗೆ ಎಷ್ಟು ಕೊಟ್ಟಿದೆ ಅಂತ ಯಾರನ್ನು ನಂಬಿ ಕೇಳುವುದು ಅಕ್ಕ? ಶನಿವಾರ ಹೋಗಿ ಬಂದೆ."

ಹೊರಗೆ ಕಡಲು ಹೊಡೆಯುತ್ತಿತ್ತು. ಕುಶಲಕ್ಕನ ಕೈ ಚಾಚಿದ ಹಾಗೆಯೇ ಇತ್ತು. ಕೊನೆಗೆ ಶರೀಫಾಳೇ ಪತ್ರವನ್ನು ತೆಗೆದುಕೊಂಡು, ಬಿಡಿಸಿ, ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದಳು. ಕೊನೆಯ ಸಾಲಿನಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಮಗುವಿಗೆ ತಗಲಿದ ಪ್ರಮಾಣ ಹೆದರುವಷ್ಟು ಇಲ್ಲ, ಈ ಒಂದು ಕಾರಣಕ್ಕೆ ತೆಗೆಸುವ ಅಗತ್ಯವಿಲ್ಲ ಎಂದಿತ್ತು. ಅವಳು ಅದನ್ನು ಎರಡು ಸಲ ಓದಿದಳೆಂದು ಕಾಣುತ್ತದೆ, ಬೆರಳು ಒಮ್ಮೆ ಹಿಂದೆ ಹೋಗಿ ಮತ್ತೆ ಬಂತು. ಆಮೇಲೆ ಪತ್ರವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಮಡಿಲಲ್ಲಿ ಇಟ್ಟುಕೊಂಡಳು.

"ಇದನ್ನು ನಾನು ಬಂದ ಮಂಗಳವಾರವೇ ಹೇಳ್ಲಿಕ್ಕೆ ಆಗ್ತಿತ್ತಾ?" ಎಂದು ಕೇಳಿದಳು.

ನಾನು ತಲೆ ತಗ್ಗಿಸಿದೆ. ಏನಾದರೂ ಒಂದು ಸಬೂಬು ಹೇಳಲಿ ಎಂದು, ದೇವರಾಣೆಗೂ, ಮನಸ್ಸಿನಲ್ಲೇ ಬೇಡಿಕೊಂಡೆ.

"ಆಗ್ತಿತ್ತು" ಎಂದಳು ಕುಶಲಕ್ಕ.